ಬೇಲಿ ಕಾಣದ ಕಣ್ಣು

ನಾನು ಹುಟ್ಟಾ ಸಸ್ಯಾಹಾರಿ. ಕೇಕ್ ಕೊಟ್ಟರೂ ಮೊಟ್ಟೆ ಹಾಕಿದ್ದೀರಾ ಎಂದು ಕೇಳಿ, ಕೊಟ್ಟವರ ಮುಖ ಸಣ್ಣದು ಮಾಡುವ ಪೈಕಿ. ಅಂಥ ನಾನು ಹೆಚ್ಚುಕಡಿಮೆ ಒಂದು ವರ್ಷ ಬಕ್ರೀದ್ ಹಬ್ಬದ ಹೋತವೊಂದಕ್ಕೆ ಕಾವಲು ಕೂತಿದ್ದೆ ಎಂದರೆ ಸ್ಯಾನ್ ಡಿಯೇಗೋದ ನಮ್ಮ ಕನ್ನಡದ ಬಳಗ ಇವತ್ತಿಗೂ ನಗುತ್ತದೆ. ನನ್ನ ಹೆಂಡತಿ ಆಗಲೇ ನಕ್ಕಿದ್ದಳು. "ನರಿ ತಿನ್ನಬಾರದು ಅಂತ ನಿದ್ದೆಗೆಟ್ಟು ಕಾಯ್ತೀರ. ಹಬ್ಬದ ದಿನ ಅದಕ್ಕೇನಾಗತ್ತೆ ಅಂತ ಗೊತ್ತು ತಾನೇ?" ಎಂದಿದ್ದಳು. ಗೊತ್ತಿತ್ತು. ಆದರೂ ಕಾದೆ. ನಗುವವರು ನಗಲಿ, ನನಗೆ ಮಾತ್ರ ಅದನ್ನು ನೆನೆದರೆ ನಗು ಬರುವುದಿಲ್ಲ.

ಹೋತ ನನ್ನ ಗೆಳೆಯನದು. ಅವನೂ ನನ್ನ ಹಾಗೆ ಮೈಸೂರಿನವನು, ಮುಸಲ್ಮಾನ. ಲಾಸ್ ಏಂಜಲಿಸ್ ಪಕ್ಕದ ಡೈಮಂಡ್ ಬಾರಿನಲ್ಲಿ ಮನೆ, ಗ್ರಾನೈಟ್ ವ್ಯಾಪಾರ. ನಮ್ಮ ಕಡೆಯ ಕಲ್ಲನ್ನು ಹಡಗಿನಲ್ಲಿ ತರಿಸಿ ಇಲ್ಲಿಯವರ ಅಡುಗೆಮನೆಯ ಕಟ್ಟೆಗೆ ಕೂರಿಸುವುದು ಅವನ ಕೆಲಸ. ನಮ್ಮಿಬ್ಬರ ಪರಿಚಯವಾದದ್ದು ಜಗಳದಿಂದ. ನಮ್ಮ ದೇಶದ ಸಾಮಾನು ಸಿಗುವ ಆರ್ಟೀಸಿಯಾದ ಅಂಗಡಿಯೊಂದರಲ್ಲಿ ಉಳಿದಿದ್ದ ಒಂದೇ ಒಂದು ಕಟ್ಟು ದಂಟಿನ ಸೊಪ್ಪಿಗೆ ಇಬ್ಬರೂ ಕೈ ಹಾಕಿದ್ದೆವು. ನಾನು ಹಲ್ಲು ಕಚ್ಚಿ ಇಂಗ್ಲಿಷಿನಲ್ಲಿ ಏನೋ ಹೇಳುತ್ತಿದ್ದರೆ ಅವನು ತನ್ನಷ್ಟಕ್ಕೆ, "ಸೊಪ್ಪಿಗೂ ಕಾಂಪಿಟೇಶನ್ ಬಂತಲ್ಲಪ್ಪ" ಎಂದು ಗೊಣಗಿದ. ಆ ಗೊಣಗು ನೇರ ದೇವರಾಜ ಮಾರ್ಕೆಟ್ಟಿನದು. ಸೊಪ್ಪನ್ನು ಅರ್ಧರ್ಧ ಹಂಚಿಕೊಂಡೆವು. ಅಲ್ಲಿಂದ ಮುಂದೆ ನಮ್ಮ ನಡುವೆ ದಯವಿಟ್ಟು, ಕ್ಷಮಿಸು, ಥ್ಯಾಂಕ್ಸ್ ಇಂಥ ಪದಗಳೇ ಸುಳಿಯಲಿಲ್ಲ.

ಕೊರೋನಾದ ಎರಡನೇ ಅಲೆ ಮೈಸೂರನ್ನು ಹಿಂಡುತ್ತಿದ್ದಾಗ ಅವನ ತಂದೆ ತೀರಿಕೊಂಡರು. ಅಣ್ಣ, ಅತ್ತಿಗೆ, ತಾಯಿ ಎಲ್ಲ ಅಲ್ಲೇ ಇದ್ದರು. ಇವನು ಮಾತ್ರ ಇಲ್ಲಿ ಸಿಕ್ಕಿಹಾಕಿಕೊಂಡಿದ್ದ. ವೀಸಾದ ಕಾಗದ ಯಾವುದೋ ಮೇಜಿನ ಮೇಲಿತ್ತು, ವಿಮಾನಗಳಿಗೆ ನಿರ್ಬಂಧ ಬೇರೆ. ಹೋದರೆ ವಾಪಸ್ ಬರುವುದು ಖಾತ್ರಿ ಇರಲಿಲ್ಲ. ದಫನ್ ಆಗುವುದನ್ನು ಅಣ್ಣನ ಫೋನಿನಲ್ಲಿ ನೋಡಿದ. ನೆಟ್‌ವರ್ಕ್ ಅದನ್ನೂ ಪೂರ್ತಿ ತೋರಿಸಲಿಲ್ಲ. ಆ ದಿನ ನಾನು ಡೈಮಂಡ್ ಬಾರಿಗೆ ಹೋಗಿ, ಅವನ ಮನೆಯ ಹೊರಗಿನ ಮೆಟ್ಟಿಲ ಮೇಲೆ ಮಾಸ್ಕ್ ಹಾಕಿಕೊಂಡು ದೂರ ಕೂತಿದ್ದೆ. ಅವನು ಬಾಗಿಲಿಗೆ ಒರಗಿ ಕೂತು, "ಮೂರು ಹಿಡಿ ಮಣ್ಣು ಕಣೋ. ಮೂರೇ ಹಿಡಿ. ಅದನ್ನೂ ಹಾಕಕ್ಕಾಗಲಿಲ್ಲ ನನ್ನ ಕೈಲಿ" ಎಂದ.

ಅವನ ತಂದೆಗೆ ಒಂದು ಪದ್ಧತಿಯಿತ್ತು. ಬಕ್ರೀದಿಗೆ ಅವರು ಸಂತೆಯ ಮೇಕೆ ತರುತ್ತಿರಲಿಲ್ಲ. ಹಿಂದಿನ ವರ್ಷವೇ ಒಂದು ಮರಿ ತಂದು ಹಿತ್ತಲಲ್ಲಿ ಕಟ್ಟಿ, ಕೈಯಾರೆ ಹುರುಳಿ ತಿನ್ನಿಸಿ, ಮೈ ತೊಳೆದು, ಮಕ್ಕಳ ಜೊತೆ ಮಗುವಿನ ಹಾಗೆ ಬೆಳೆಸಿ, ಆಮೇಲೆ ಕುರ್ಬಾನಿ ಕೊಡುವುದು. ಕೊಂಡು ತಂದು ಕೊಟ್ಟರೆ ದುಡ್ಡು ಕೊಟ್ಟ ಹಾಗೆ, ಸಾಕಿ ಕೊಟ್ಟರೆ ಕೊಟ್ಟ ಹಾಗೆ ಎನ್ನುವುದು ಅವರ ಮಾತು. ಗೆಳೆಯ ಆ ಮಾತನ್ನೇ ಹಿಡಿದುಕೊಂಡ. ಮುಂದಿನ ವರ್ಷದ ಬಕ್ರೀದಿಗೆ ತಂದೆಯ ಹೆಸರಿನಲ್ಲಿ, ತಾನೇ ಸಾಕಿದ ಒಂದು ಹೋತ. ಮಣ್ಣು ಹಾಕಲಾಗದ ಕೈಯಿಂದ ಇಷ್ಟಾದರೂ ಆಗಲಿ ಎಂದು. ಮೈಸೂರಿನಲ್ಲಿದ್ದ ತಾಯಿಗೂ ಹೇಳಿದ. ಅವರು ಅವತ್ತು ಮೊದಲ ಸಲ ಹೊಟ್ಟೆ ತುಂಬ ಊಟ ಮಾಡಿದರು ಎಂದು ಅಣ್ಣ ಫೋನ್ ಮಾಡಿದ್ದನಂತೆ.

ಸ್ಯಾನ್ ಡಿಯೇಗೋದ ಒಳನಾಡಿನಲ್ಲಿ, ರಮೋನಾದ ಆಚೆ, ಅವನಿಗೆ ಐದೆಕರೆ ಜಮೀನಿತ್ತು. ಬಂಡೆ, ಕುರುಚಲು ಗಿಡ, ಒಂದು ಹಳೇ ಟ್ರೇಲರ್ ಮನೆ, ಚೌಕ ಚೌಕ ಕಣ್ಣಿನ ತಂತಿಬಲೆಯ ಬೇಲಿ. ದಾಳಿಂಬೆ ಹಾಕಿದ್ದ, ಒಣಗಿತು. ಕರಿಬೇವು ಹಾಕಿದ್ದ, ಅದೂ ಒಣಗಿತು. ಅಲ್ಲಿ ಮೇಕೆ ಸಾಕುತ್ತೇನೆಂದಾಗ ನಾನು, "ಅದನ್ನಾದ್ರೂ ಒಣಗಿಸಬೇಡ" ಎಂದೆ. ಉದ್ದ ಕಿವಿಯ ಕಂದು ಬಣ್ಣದ ಹೋತದ ಮರಿಯೊಂದನ್ನೂ ಅದಕ್ಕೆ ಜೊತೆಯಿರಲೆಂದು ನಾಲ್ಕು ಹೆಣ್ಣು ಮರಿಗಳನ್ನೂ ತಂದ. ಹಗಲು ನೀರು ಮೇವು ಹಾಕಲು ಪಕ್ಕದ ಜಮೀನಿನ ಅಜ್ಜಿ ಒಪ್ಪಿಕೊಂಡಳು. ಕುದುರೆ ಸಾಕಿದ್ದ ಗಟ್ಟಿ ಹೆಂಗಸು. ಶನಿವಾರ ಭಾನುವಾರ ಅವನೇ ಎರಡು ಗಂಟೆ ಡ್ರೈವ್ ಮಾಡಿಕೊಂಡು ಬಂದು ಹುರುಳಿ ಬೇಯಿಸಿ ಅಂಗೈಯಲ್ಲಿ ತಿನ್ನಿಸುತ್ತಿದ್ದ. ಹುರುಳಿ ಸಹ ಆರ್ಟೀಸಿಯಾದಿಂದಲೇ ಬರುತ್ತಿತ್ತು.

ಉಳಿದ ರಾತ್ರಿಗಳು ನನ್ನ ಪಾಲಿಗೆ ಬಂದವು. ನನ್ನ ಮನೆ ಅಲ್ಲಿಗೆ ಅರ್ಧ ಗಂಟೆಯ ದಾರಿ. ಆಫೀಸು ಮುಚ್ಚಿತ್ತು, ಮನೆಯ ಒಂದೊಂದು ಕೋಣೆಯಲ್ಲೂ ಒಬ್ಬೊಬ್ಬರು ಲ್ಯಾಪ್‌ಟಾಪ್ ಮುಂದೆ ಮಾತಾಡುತ್ತಿದ್ದರು. ಟ್ರೇಲರ್ ಮನೆಯ ನಿಶ್ಶಬ್ದ ನನಗೇ ಬೇಕಾಗಿತ್ತು. ಗೆಳೆತನಕ್ಕಾಗಿ ಹೋದೆ ಎಂದು ದೊಡ್ಡಸ್ತಿಕೆ ಕೊಚ್ಚುವುದಿಲ್ಲ.

ಹಾಗಿರುವಾಗ ಒಂದು ಬೆಳಿಗ್ಗೆ ಹೆಣ್ಣು ಮರಿಯೊಂದು ಕಾಣೆಯಾಗಿತ್ತು. ಬೇಲಿಯ ಬುಡ ಕೆರೆದಿತ್ತು. ಕಯೋಟಿ ಎಂದಳು ಅಜ್ಜಿ. ಕಯೋಟಿ ಎಂದರೆ ನಮ್ಮ ನರಿಗೂ ತೋಳಕ್ಕೂ ನಡುವಿನ ಪ್ರಾಣಿ, ಇಲ್ಲಿಯ ಗುಡ್ಡಗಳಲ್ಲಿ ಎಲ್ಲೆಲ್ಲೂ ಇದೆ, ಊರ ಬೀದಿಗೂ ಬರುತ್ತದೆ. ಅಜ್ಜಿ ತನ್ನ ಬಂದೂಕು ಕೊಡುತ್ತೇನೆಂದಳು. ಗೆಳೆಯ ಮೆತ್ತಗೆ ಬೇಡವೆಂದು, ಅವಳು ಅತ್ತ ಹೋದ ಮೇಲೆ ನನಗೆ ಹೇಳಿದ: "ಗಡ್ಡ ಬಿಟ್ಕೊಂಡು, ಕತ್ತಲಲ್ಲಿ ಬಂದೂಕು ಹಿಡ್ಕೊಂಡು ನಾನು ರಮೋನಾ ಗುಡ್ಡದಲ್ಲಿ ಓಡಾಡಿದ್ರೆ, ಗುರೂ, ಕಯೋಟಿ ಉಳ್ಕೊಳತ್ತೆ, ನಾನು ಉಳ್ಕೊಳಲ್ಲ." ಹೇಳಿ ತಾನೇ ಜೋರಾಗಿ ನಕ್ಕ. ನಾನೂ ನಕ್ಕೆ. ನಕ್ಕಷ್ಟು ಅದು ತಮಾಷೆಯ ಮಾತಾಗಿರಲಿಲ್ಲ.

ಬೇಲಿಯ ಬುಡಕ್ಕೆ ಕಲ್ಲು ಜೋಡಿಸಿದೆವು. ಕಲ್ಲಿಗೇನು ಅವನಿಗೆ ಬರವೇ. ಇನ್ನು ಉಳಿದದ್ದು ಕಾಯುವುದು, ಕಂಡರೆ ಕೂಗಿ ಓಡಿಸುವುದು. ಕಾಯಬೇಕಾದರೆ ಕತ್ತಲಲ್ಲಿ ಕಣ್ಣು ಕಾಣಬೇಕಲ್ಲ. "ನೀನು ಕ್ಯಾಮೆರಾ ಎಂಜಿನಿಯರ್ರು. ರಾತ್ರಿ ಕಾಣೋ ಅಂಥದ್ದು ಏನಾದ್ರೂ ಹುಡುಕು" ಎಂದ. ನಾನು ಫೋನಿನ ಕ್ಯಾಮೆರಾಗಳನ್ನು ಟೆಸ್ಟ್ ಮಾಡುವವನು. ಮದುವೆ ಮನೆಯ ಫೋಟೋದಲ್ಲಿ ರೇಷ್ಮೆ ಸೀರೆಯ ಬಣ್ಣ ಸರಿಯಾಗಿ ಬರುತ್ತದೋ ಇಲ್ಲವೋ ನೋಡುವವನು. ಆದರೆ ಎಂಜಿನಿಯರ್ ಎಂದು ಕರೆದ ಮೇಲೆ ಗೊತ್ತಿಲ್ಲ ಎನ್ನಲು ನಾಲಿಗೆ ಹೊರಳಬೇಕಲ್ಲ. ಟೊಂಕ ಕಟ್ಟಿ ನಿಂತೆ.

ಅಳೆದೂ ಸುರಿದೂ ಒಂದೂವರೆ ತಿಂಗಳು ಕಳೆದೆ. ಬೇಟೆಗಾರರ ವಿಡಿಯೋಗಳನ್ನು ನೋಡಿದೆ, ಯಾರದೋ ಹಂದಿ ಬೇಟೆ, ಯಾರದೋ ಮೊಲದ ಬೇಟೆ. ಸಸ್ಯಾಹಾರಿ ನಾನು, ಊಟದ ತಟ್ಟೆ ದೂರ ಸರಿಸಿದೆನೇ ಹೊರತು ವಿಡಿಯೋ ನಿಲ್ಲಿಸಲಿಲ್ಲ. ಇರುಳಿನಲ್ಲಿ ನೋಡುವ ಉಪಕರಣಗಳಲ್ಲಿ ನಮ್ಮ ಕೈಗೆಟುಕುವಂಥವು ಮುಖ್ಯವಾಗಿ ಎರಡು ಬಗೆ. ಒಂದು, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ತಾನೇ ಬೀರಿ, ಅದರಲ್ಲಿ ನೋಡುವುದು. ಕಪ್ಪುಬಿಳುಪು ಸಿನಿಮಾದ ಹಾಗೆ ಕಣ್ಣು, ಕೊಂಬು, ಹುಲ್ಲು, ತಂತಿ ಎಲ್ಲ ಕಾಣುತ್ತದೆ; ಆದರೆ ಹೆಚ್ಚು ದೂರ ಹೋಗುವುದಿಲ್ಲ, ಪೊದೆ ಅಡ್ಡ ಬಂದರೆ ಮುಗಿಯಿತು. ಅದನ್ನು ಬಂದೂಕಿಗೆ ಜೋಡಿಸುವುದು ಕ್ಯಾಲಿಫೋರ್ನಿಯಾದಲ್ಲಿ ಅಪರಾಧ, ಕೈಯಲ್ಲಿ ಹಿಡಿದು ನೋಡಿದರೆ ತೊಂದರೆಯಿಲ್ಲ. ಎರಡನೆಯದು ಥರ್ಮಲ್. ಅದಕ್ಕೆ ಬೆಳಕೇ ಬೇಡ. ಅದು ಮೈಯ ಬಿಸಿಯನ್ನು ನೋಡುತ್ತದೆ. ತಣ್ಣಗಿರುವುದೆಲ್ಲ ಬೂದು, ಜೀವವಿರುವುದೆಲ್ಲ ಬೆಳ್ಳಗೆ. ಗುಡ್ಡದ ಆ ಬದಿಯಲ್ಲಿ ಪೊದೆಯ ಮರೆಯಲ್ಲಿ ಕಯೋಟಿ ಮೂಗು ಆಡಿಸಿದರೂ ಗೊತ್ತಾಗುತ್ತದೆ.

ಎಲ್ ಕಹೋನ್ ಕಡೆಯ ಒಂದು ಬೇಟೆ ಸಾಮಾನಿನ ಅಂಗಡಿಗೆ ಇಬ್ಬರೂ ಹೋದೆವು. ಹಗಲು ಹೊತ್ತು, ಕತ್ತಲೆಲ್ಲಿ ತರುವುದು? ಅಂಗಡಿಯವನು ನಮ್ಮನ್ನು ಸಾಮಾನು ತುಂಬಿದ ಒಂದು ಚಿಕ್ಕ ಕೋಣೆಗೆ ನೂಕಿ, ದೀಪ ಆರಿಸಿ, ಬಾಗಿಲು ಹಾಕಿಕೊಂಡ. ಮೊದಲು ಇನ್‌ಫ್ರಾರೆಡ್. ಗೆಳೆಯ ಅದರಲ್ಲಿ ನನ್ನನ್ನು ನೋಡಿ, "ಲೋ, ನಿನ್ನ ಮೂಗಿನ ಮೇಲಿನ ಮಚ್ಚೆ ಕೂಡ ಕಾಣ್ತಾ ಇದೆ!" ಎಂದ. ಆಮೇಲೆ ಥರ್ಮಲ್. ನಾನು ಅವನನ್ನು ನೋಡಿದೆ. ಗುಂಡಗೆ ಒಂದು ಬಿಳಿ ತಲೆ, ಮೂಗಿನ ತುದಿ ಮಸುಕು, ಕನ್ನಡಕದ ಗಾಜು ಎರಡು ಕರಿ ಬಿಲ್ಲೆ. ಯಾವ ಗುಂಡು ಮುಖದವನಾದರೂ ಆಗಬಹುದಿತ್ತು.

ಅವನಿಗೆ ಮೊದಲನೆಯದು ಇಷ್ಟವಾಯಿತು. "ಇದ್ರಲ್ಲಿ ಮುಖ ಕಾಣತ್ತೆ ಗುರು. ನನ್ನ ಹೋತ ಏನು ಮಾಡ್ತಾ ಇದೆ, ನಿಂತಿದ್ಯೋ ಮಲಗಿದ್ಯೋ, ಎಲ್ಲ ಕಾಣತ್ತೆ. ಅದ್ರಲ್ಲಿ ಬರೀ ಸುಣ್ಣದ ಉಂಡೆ."

"ನಿನಗೆ ಮುಖ ಯಾಕೋ? ಫೋಟೋ ತೆಗೆದು ಹೆಣ್ಣು ನೋಡಕ್ಕೆ ಹೋಗ್ತೀಯಾ ಅದಕ್ಕೆ? ಕಯೋಟಿ ಬರೋದು ದೂರದಿಂದ ಗೊತ್ತಾಗಬೇಕು, ಅಷ್ಟೆ."

"ಆದ್ರೂ..."

"ಆದ್ರೂ ಗೀದ್ರೂ ಇಲ್ಲ. ನೀನು ಕಲ್ಲು ಆರಿಸೋವಾಗ ನಾನು ಬಾಯಿ ಹಾಕ್ತೀನಾ? ಇದು ನನ್ನ ಸಬ್ಜೆಕ್ಟು."

ಅವನು ಒಪ್ಪಿಕೊಂಡ. ವಾದದಲ್ಲಿ ಸೋತದ್ದಕ್ಕಲ್ಲ, ನನ್ನ ಮೇಲಿನ ನಂಬಿಕೆಗೆ. ಲೆಕ್ಕದ ಪ್ರಕಾರ ನಾನು ಹೇಳಿದ್ದು ಸರಿಯೇ ಇತ್ತು. ಇವತ್ತು ಯಾರಾದರೂ ಕಯೋಟಿಯನ್ನು ದೂರದಿಂದ ಕಂಡುಹಿಡಿಯುವುದು ಹೇಗೆಂದು ಕೇಳಿದರೆ ಥರ್ಮಲ್ ಎಂದೇ ಹೇಳುತ್ತೇನೆ. ಅದೇ ನನ್ನ ಸಂಕಟ. ಸರಿಯಾದ ಉತ್ತರ ಕೊಟ್ಟೆ, ಪ್ರಶ್ನೆ ಅದಾಗಿರಲಿಲ್ಲ.

ಆ ಚಳಿಗಾಲ, ಆಮೇಲಿನ ವಸಂತ, ಚೆನ್ನಾಗಿ ಕಳೆದವು. ಅವುಗಳನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ, ಅಷ್ಟು ಚೆನ್ನಾಗಿದ್ದವು. ಟ್ರೇಲರಿನ ಮೆಟ್ಟಿಲ ಮೇಲೆ ಕಂಬಳಿ ಹೊದ್ದು ಕೂತು, ಒಂದು ಕೈಯಲ್ಲಿ ಕಾಫಿ, ಇನ್ನೊಂದರಲ್ಲಿ ಆ ಯಂತ್ರ. ಬೂದು ಬಣ್ಣದ ಲೋಕದಲ್ಲಿ ಮೊಲಗಳು ಮಲ್ಲಿಗೆ ಮೊಗ್ಗುಗಳ ಹಾಗೆ ಚೆಲ್ಲಿಕೊಂಡಿರುತ್ತಿದ್ದವು. ಅಜ್ಜಿಯ ಕುದುರೆಗಳು, ಮರದ ಮೇಲಿನ ಗೂಬೆ, ನಮ್ಮ ಮೇಕೆಗಳು, ಎಲ್ಲ ಬೆಳ್ಳಗೆ ಬೆಚ್ಚಗೆ. ಕಯೋಟಿಗಳು ಗುಡ್ಡ ಇಳಿಯುವಾಗಲೇ ಕಾಣುತ್ತಿದ್ದವು. ಅವು ಹತ್ತಿರ ಬರುವ ಮೊದಲೇ ಸ್ಟೀಲ್ ತಟ್ಟೆ ಬಡಿದು ಮೈಸೂರಿನ ಬೈಗುಳವನ್ನೆಲ್ಲ ಅವುಗಳ ಮೇಲೆ ಸುರಿಯುತ್ತಿದ್ದೆ. ಇಷ್ಟು ವರ್ಷ ಆಫೀಸಿನಲ್ಲಿ ನುಂಗಿಕೊಂಡದ್ದೂ ಅದರ ಜೊತೆ ಹೊರಗೆ ಬರುತ್ತಿತ್ತು. ಅವು ನಿಂತು ನೋಡಿ, ಬೇಸರ ಮಾಡಿಕೊಂಡವರಂತೆ ತಿರುಗಿ ಹೋಗುತ್ತಿದ್ದವು.

ಆಮೇಲೆ ಗೆಳೆಯನಿಗೆ ಫೋನ್. ಯಂತ್ರದಲ್ಲಿ ವಿಡಿಯೋ ಹಿಡಿದು ಕಳಿಸಿದರೆ ಅವನು ಅದನ್ನು ಮೈಸೂರಿಗೆ ಕಳಿಸುತ್ತಿದ್ದ. ಅವನ ತಾಯಿಗೆ ಆ ಬಿಳಿ ಉಂಡೆಗಳಲ್ಲಿ ತಮ್ಮ ಮಗ ಸಾಕಿದ್ದು ಯಾವುದೆಂದು ಕಂಡುಹಿಡಿಯುವುದೇ ಒಂದು ಆಟವಾಗಿತ್ತು. ನನ್ನ ಜೊತೆ ಅವರು ಕನ್ನಡದಲ್ಲೇ ಮಾತಾಡುತ್ತಿದ್ದರು. "ಮಗಾ, ನೀನು ಊಟ ಮಾಡ್ದ್ಯಾ? ನಮ್ಮ ಹೋತ ಕಾಯೋಕೆ ನೀನು ಉಪವಾಸ ಇರಬೇಡ ಕಣಪ್ಪ" ಎಂದು ಧ್ವನಿ ಸಂದೇಶ ಕಳಿಸುತ್ತಿದ್ದರು. ಹೋತ ಕಟ್ಟುಮಸ್ತಾಗಿ ಬೆಳೆಯಿತು. ನನ್ನನ್ನು ಕಂಡರೆ ಅಂಗಿಯ ತುದಿ ಹಿಡಿದು ಎಳೆಯುತ್ತಿತ್ತು. ನಾನು ಅದಕ್ಕೆ ಹೆಸರಿಡಲಿಲ್ಲ. ಗೆಳೆಯನೂ ಇಡಲಿಲ್ಲ. ಇಡಬಾರದೆಂದು ಇಬ್ಬರಿಗೂ ಗೊತ್ತಿತ್ತು, ಬಾಯಿ ಬಿಟ್ಟು ಆಡಿರಲಿಲ್ಲ.

ಅದಕ್ಕೊಂದು ಚಾಳಿಯಿತ್ತು. ಬೇಲಿಯ ತಂತಿಯ ಚೌಕದೊಳಗೆ ತಲೆ ತೂರಿಸಿ ಆಚೆಯ ಹುಲ್ಲಿಗೆ ಬಾಯಿ ಹಾಕುವುದು. ಒಳಗೆ ಎಷ್ಟೇ ಮೇವಿರಲಿ, ಆಚೆಯ ಒಣಕಲು ಹುಲ್ಲೇ ಬೇಕು. ಹಗಲು ಅಜ್ಜಿ ಒಂದೆರಡು ಸಲ ಅದರ ಕೊಂಬು ಸಿಕ್ಕಿಕೊಂಡದ್ದನ್ನು ಬಿಡಿಸಿದ್ದಳಂತೆ. ನಾನೂ ಒಂದು ಭಾನುವಾರ ಹೋದಾಗ ನೋಡಿದ್ದೆ, ನಕ್ಕಿದ್ದೆ. "ಹುಟ್ಟುಗುಣ ನೋಡು, ನಮ್ಮ ಹಾಗೇ ಆಚೆ ಕಡೇದೇ ರುಚಿ" ಎಂದು ಗೆಳೆಯನನ್ನು ರೇಗಿಸಿದ್ದೆ.

ಹಬ್ಬಕ್ಕೆ ಎರಡು ವಾರ ಇದ್ದಾಗಿನ ರಾತ್ರಿ. ಬಿಸಿಲಿಗೆ ಕಾದ ಬಂಡೆಗಳು ಕತ್ತಲಾದರೂ ಆರಿರಲಿಲ್ಲ, ಯಂತ್ರದಲ್ಲಿ ಅವೂ ಮಂಕಾಗಿ ಬೆಳಗುತ್ತಿದ್ದವು. ಬಂಡೆಯೋ ಪ್ರಾಣಿಯೋ ತಿಳಿಯದಂಥ ಹೊತ್ತು. ಒಮ್ಮೆಲೇ ಮೇಕೆಗಳು ಅರಚಿದವು. ಬಾಗಿಲು ತೆರೆದು ಮೆಟ್ಟಿಲಿಗೆ ಬಂದು ನೋಡಿದರೆ ಬೇಲಿಯ ಹತ್ತಿರ ಎರಡು ಬಿಳಿ ಆಕಾರ, ಅವುಗಳ ಎದುರಿಗೇ ಇನ್ನೊಂದು ದೊಡ್ಡದು. ತಟ್ಟೆ ಬಡಿದೆ, ಕೂಗಿದೆ, ಕಲ್ಲು ಬೀರಿದೆ. ಎರಡೂ ಗುಡ್ಡದ ಕಡೆ ಓಡಿದವು. ದೊಡ್ಡದು ಹಿಂದಕ್ಕೆ ಜಿಗಿದು ಗುಂಪು ಸೇರಿತು. ಯಂತ್ರದಲ್ಲಿ ಮೇಕೆಗಳನ್ನು ಎಣಿಸಿದೆ. ಎಲ್ಲವೂ ಇದ್ದವು. ಎಲ್ಲವೂ ನಿಂತಿದ್ದವು. ಎಲ್ಲವೂ ಬೆಳ್ಳಗೆ, ಬಿಸಿಯಾಗಿ, ಗುಂಡಗೆ ಇದ್ದವು.

ಗೆಳೆಯನಿಗೆ ಫೋನ್ ಮಾಡಿದೆ. "ಬಂದಿದ್ವು, ಓಡಿಸ್ದೆ. ಏನೂ ಆಗಿಲ್ಲ, ಎಲ್ಲ ಸರಿಯಾಗಿದೆ. ನಿನ್ನ ಹೋತ ಗುಂಡುಕಲ್ಲಿನ ಹಾಗೆ ನಿಂತಿದೆ" ಎಂದೆ. ವಿಡಿಯೋ ಕಳಿಸಿದೆ. ಅವನು ಮೈಸೂರಿಗೆ ಕಳಿಸಿದ. ಅಲ್ಲಿ ಮಧ್ಯಾಹ್ನ. ತಾಯಿ ನನಗೆ ದುವಾ ಮಾಡಿ ಕಳಿಸಿದ ಸಂದೇಶವನ್ನು ಕೇಳಿಕೊಂಡು, ಏನೋ ಸಾಧಿಸಿದವನ ಹಾಗೆ ಮಲಗಿದೆ.

ಬೆಳಿಗ್ಗೆ ನನ್ನನ್ನು ಎಬ್ಬಿಸಿದ್ದು ಅಜ್ಜಿ. ಹೋತದ ಎಡಗಿವಿ ಅರ್ಧಕ್ಕಿಂತ ಹೆಚ್ಚು ಹೋಗಿತ್ತು. ಹರಿದ ಅಂಚಿನಲ್ಲಿ ರಕ್ತ ಹೆಪ್ಪುಗಟ್ಟಿ ನೊಣ ಕೂತಿತ್ತು. ತಂತಿಯ ಒಂದು ಚೌಕಕ್ಕೆ ಕಂದು ಕೂದಲು ಅಂಟಿತ್ತು. ಏನಾಯಿತೆಂದು ಯಾರೂ ಹೇಳಬೇಕಾಗಿರಲಿಲ್ಲ. ಹೋತ ಎಂದಿನಂತೆ ತಲೆಯನ್ನು ಆಚೆಗೆ ತೂರಿಸಿತ್ತು, ಜೋತಾಡುವ ಕಿವಿ ಕಯೋಟಿಯ ಬಾಯಿಗೆ ಸಿಕ್ಕಿತ್ತು.

ನಾನು ಆ ಬೇಲಿಯ ಮುಂದೆ ನಿಂತು ಯಂತ್ರವನ್ನು ಕಣ್ಣಿಗೆ ಹಿಡಿದು ನೋಡಿದೆ, ಆ ತಂಪು ಬೆಳಗಿನಲ್ಲೇ. ಮೇಕೆಗಳು ಕಂಡವು. ಬೇಲಿ ಕಾಣಲಿಲ್ಲ. ದೂರದಿಂದ ನೋಡಿದರೆ ತಂತಿಯೇ ಇಲ್ಲ, ಬಯಲು. ತೆಳು ತಂತಿಗೆ ಎಲ್ಲಿಯ ಮೈಬಿಸಿ? ಅಷ್ಟು ತಿಂಗಳು ನಾನು ನೋಡುತ್ತಿದ್ದ ಲೋಕದಲ್ಲಿ ಬೇಲಿಯೇ ಇರಲಿಲ್ಲ. ಹೋತ ಒಳಗಿದೆಯೋ, ಅದರ ತಲೆ ಹೊರಗಿದೆಯೋ ಎನ್ನುವ ಪ್ರಶ್ನೆಯೇ ಆ ಚಿತ್ರದಲ್ಲಿ ಹುಟ್ಟುತ್ತಿರಲಿಲ್ಲ. ಇನ್ನೊಂದು ಯಂತ್ರವಾಗಿದ್ದರೆ ತಂತಿ ಕಾಣುತ್ತಿತ್ತು, ತಲೆ ಕಾಣುತ್ತಿತ್ತು, ಎಷ್ಟೋ ರಾತ್ರಿಗಳ ಮೊದಲೇ ನಾನು ಎದ್ದು ಹೋಗಿ ಒಳಗೆ ತಳ್ಳಿರುತ್ತಿದ್ದೆ, ಅಥವಾ ಸಣ್ಣ ಕಣ್ಣಿನ ಬಲೆ ಹಾಕಿಸಿರುತ್ತಿದ್ದೆ. ಹಗಲು ಕಂಡ ಬಾವಿಗೆ ಇರುಳು ಬಿದ್ದ ಹಾಗೆ ಎನ್ನುತ್ತಾರಲ್ಲ, ನಾನು ಅದನ್ನು ದುಬಾರಿ ಯಂತ್ರ ಹಿಡಿದುಕೊಂಡು ಮಾಡಿದ್ದೆ.

ಅಜ್ಜಿಗೆ ಅದು ದೊಡ್ಡ ವಿಷಯವಲ್ಲ. ಕಿವಿ ಹೋಯಿತು, ಪ್ರಾಣ ಉಳಿಯಿತು, ನಿನ್ನ ಅದೃಷ್ಟ ಎಂದು ಬೆನ್ನು ತಟ್ಟಿ ಗಾಯಕ್ಕೆ ಔಷಧಿ ತರಲು ಹೋದಳು. ಇಲ್ಲಿಯ ಯಾವ ರೈತನಾದರೂ ಹಾಗೇ ಹೇಳುತ್ತಿದ್ದ. ನನಗೂ ಮೊದಲು ಹಾಗೇ ಅನ್ನಿಸಿತ್ತು. ಗೆಳೆಯನಿಗೆ ಫೋನ್ ಮಾಡಿ, "ಚೂರು ಕಿವಿ ಹರಿದಿದೆ ಕಣೋ, ಬೇರೆ ಏನೂ ಇಲ್ಲ" ಎಂದೆ.

ಅವನು ಕೇಳಿದ್ದು ಒಂದೇ. "ಎಷ್ಟು?"

"ಏನು ಎಷ್ಟು?"

"ಕಿವಿ. ಎಷ್ಟು ಹೋಗಿದೆ?"

"ಅರ್ಧದ ಮೇಲೆ" ಎಂದೆ. ಅವನ ಹಿಂದೆ ಕಲ್ಲು ಕೊಯ್ಯುವ ಮೆಷಿನ್ನಿನ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ ಫೋನ್ ಇಟ್ಟ.

ಕುರ್ಬಾನಿಯ ಪ್ರಾಣಿಗೆ ಊನ ಇರಬಾರದು ಎನ್ನುವುದು ನನಗೆ ಗೊತ್ತಿತ್ತು. ಕುಂಟು, ಕುರುಡು ಇರಬಾರದು ಎನ್ನುವಷ್ಟು. ಕಿವಿಗೂ ಲೆಕ್ಕವಿದೆ, ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಹೋದರೆ ಅದು ಕುರ್ಬಾನಿಗೆ ಸಲ್ಲುವುದಿಲ್ಲ ಎನ್ನುವುದು ಗೊತ್ತಿರಲಿಲ್ಲ. ಅವನು ತಿಳಿದವರೊಬ್ಬರನ್ನು ಕೇಳಿದ, ಇನ್ನೊಬ್ಬರನ್ನು ಕೇಳಿದ. ಎಲ್ಲರೂ ಅವನಿಗಾಗಿ ಮರುಗಿದರು, ಸಲ್ಲುತ್ತದೆ ಎಂದು ಯಾರೂ ಹೇಳಲಿಲ್ಲ. ಆ ಶನಿವಾರ ಅವನು ಬಂದು ಹೋತದ ಪಕ್ಕ ಕೂತ. ಅದು ಅವನ ಜೇಬಿಗೆ ಮೂತಿ ಹಾಕಿ ಹುರುಳಿ ಹುಡುಕಿತು.

ನನಗೆ ತಡೆಯಲಾಗಲಿಲ್ಲ. ಅವನ ಮೇಲಲ್ಲ, ಆ ನಿಯಮದ ಮೇಲೆ ಸಿಟ್ಟು. "ಅಲ್ಲ ಕಣೋ, ಇಷ್ಟು ಪ್ರೀತಿಯಿಂದ ಸಾಕಿದೀಯ. ಚೂರು ಕಿವಿಗೆಲ್ಲ ದೇವರು ಲೆಕ್ಕ ಇಡ್ತಾನಾ?" ಎಂದೆ.

"ದೇವರು ಇಡ್ತಾನೋ ಬಿಡ್ತಾನೋ. ನಮ್ಮ ಅಬ್ಬಾ ಇಡ್ತಿದ್ರು" ಎಂದ.

ಅವನು ಒಂದು ಮಾತು ನನ್ನನ್ನು ಅನ್ನಬೇಕಿತ್ತು. ಆ ಅಂಗಡಿಯಲ್ಲಿ ನಾನು ಹೇಳಿದ್ದೆ, ಮುಖ ಕಾಣೋದು ಬೇಕು ಅಂತ, ನೀನು ಕೇಳಲಿಲ್ಲ ಎನ್ನಬಹುದಿತ್ತು. ಬೈದು, ಯಂತ್ರವನ್ನು ಬಂಡೆಗೆ ಅಪ್ಪಳಿಸಿದ್ದರೆ ನಾನೂ ಎರಡು ಮಾತಾಡಿ, ಜಗಳವಾಡಿ, ಹಗುರಾಗುತ್ತಿದ್ದೆ. ಅವನು ಅಂಥದ್ದೇನೂ ಮಾಡಲಿಲ್ಲ. "ನೀನೇನು ಮಾಡಕ್ಕಾಗತ್ತೆ" ಎಂದುಬಿಟ್ಟ. ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವವರಂತೆ ಅವತ್ತು ಸಂಜೆಯವರೆಗೆ ಇಬ್ಬರೂ ಬೇಲಿಗೆ ಸಣ್ಣ ಕಣ್ಣಿನ ಬಲೆ ಬಿಗಿದೆವು. ಕೆಲಸ ಮುಗಿಯುವವರೆಗೂ ಮೊಳೆ ಕೊಡು, ತಂತಿ ಹಿಡಿ ಎನ್ನುವುದು ಬಿಟ್ಟು ಬೇರೆ ಮಾತಿರಲಿಲ್ಲ.

ತಾಯಿಗೆ ಅವನು ಹೇಳಿರಲಿಲ್ಲ. ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುತ್ತಲೇ ಹಬ್ಬ ಬಂತು.

ಹಬ್ಬದ ಬೆಳಿಗ್ಗೆ ನಮಾಜು ಮುಗಿಸಿ ಅವನು ಹೋದದ್ದು ಲಾಸ್ ಏಂಜಲಿಸ್‌ನ ಪೂರ್ವಕ್ಕಿರುವ ಒಂದು ಫಾರ್ಮಿಗೆ. ಬಕ್ರೀದಿಗೆ ಅಲ್ಲಿ ಆಡು ಕುರಿ ಮಾರುತ್ತಾರೆ, ಅಲ್ಲೇ ಕುರ್ಬಾನಿ ಮಾಡಲು ಜಾಗವಿದೆ. ನನ್ನನ್ನು ಕರೆದಿರಲಿಲ್ಲ, ನಾನೇ ಹೋದೆ. ಮನೆಯಲ್ಲಿ ಕೂರಲಾಗಲಿಲ್ಲ. ಹೊಸ ಬಟ್ಟೆ ತೊಟ್ಟ ಮಕ್ಕಳು, ಪಿಕಪ್ ಟ್ರಕ್ಕುಗಳು, ಧೂಳು, ಅತ್ತರಿನ ವಾಸನೆ. ಅವನು ಒಂದು ಕಂದು ಹೋತವನ್ನು ಹಗ್ಗದಲ್ಲಿ ಹಿಡಿದು ನಿಂತಿದ್ದ. ಬಣ್ಣ ಅದೇ, ಎತ್ತರ ಅದೇ, ಉದ್ದ ಕಿವಿ ಎರಡೂ ಪೂರ್ತಿ. ಅಂಥದ್ದನ್ನೇ ಹುಡುಕಲು ಅವನು ಎಲ್ಲೆಲ್ಲಿ ಅಲೆದಿದ್ದನೋ ನಾನು ಕೇಳಲಿಲ್ಲ. ಆ ಹೋತ ಅವನ ಕಡೆ ನೋಡುತ್ತಲೂ ಇರಲಿಲ್ಲ, ಅವನ ಜೇಬಿಗೆ ಮೂತಿ ಹಾಕುತ್ತಲೂ ಇರಲಿಲ್ಲ. ಹಗ್ಗ ಜಗ್ಗಿ ದೂರ ಹೋಗಲು ನೋಡುತ್ತಿತ್ತು.

ಅಷ್ಟರಲ್ಲಿ ಮೈಸೂರಿನಿಂದ ವಿಡಿಯೋ ಕಾಲ್ ಬಂತು. ಅಲ್ಲಿ ಹಬ್ಬ ಮಾರನೆಯ ದಿನ, ಆಗಿನ್ನೂ ಹಿಂದಿನ ರಾತ್ರಿ. ತಾಯಿ ಕನ್ನಡಕ ಹಾಕಿಕೊಂಡು, ಫೋನಿಗೆ ತೀರ ಹತ್ತಿರ ಮುಖ ತಂದು ನೋಡುತ್ತಿದ್ದರು. ಅವನ ಜೊತೆ ಅವರ ಮಾತು ಉರ್ದುವಿನಲ್ಲಿ ನಡೆಯಿತು. ಹೋತವನ್ನು ತೋರಿಸು ಎಂದರು, ತೋರಿಸಿದ. ಅವರು ಏನೋ ಕೇಳಿದರು. ಅವನು ಫೋನನ್ನು ನನ್ನ ಕೈಗೆ ಕೊಟ್ಟು ಬೆನ್ನು ತಿರುಗಿಸಿ ನಿಂತ.

"ಮಗಾ, ನೀನಿದ್ದೀಯಾ ಅಲ್ಲಿ? ಒಳ್ಳೇದಾಯ್ತು" ಎಂದರು ಅವರು. "ಯಾಕೋ ಮಾತಾಡ್ತಾ ಇಲ್ಲ ಇವನು. ನೀನು ಹೇಳಪ್ಪ. ಇದೇ ತಾನೇ ನನ್ನ ಮಗ ಕೈಯಾರೆ ಸಾಕಿದ್ದು?"

ನಾನು ಗೆಳೆಯನ ಬೆನ್ನು ನೋಡಿದೆ. ಅವನು ತಿರುಗಲಿಲ್ಲ.

"ಇದೇ ಅಮ್ಮಾ" ಎಂದೆ.

"ಚೆನ್ನಾಗಿದೆ. ಎಷ್ಟು ಚೆನ್ನಾಗಿ ಸಾಕಿದ್ದಾನೆ" ಎಂದು ಅವರು ಪರದೆಯ ಮೇಲೆ ಬೆರಳಾಡಿಸಿದರು. ಆ ಬೆರಳು ದೊಡ್ಡದಾಗಿ, ಮಸುಕಾಗಿ ನನಗೆ ಕಂಡಿತು. "ಅವರಿಗೆ ಮುಟ್ಟತ್ತೆ ಬಿಡು. ಮಣ್ಣು ಹಾಕಲಿಲ್ಲ ಅಂತ ಕೊರಗ್ತಿದ್ದ ನನ್ನ ಮಗ. ಇನ್ನು ಕೊರಗಬೇಡ ಅಂತ ಹೇಳಪ್ಪ ಅವನಿಗೆ."

ಹೇಳುತ್ತೇನೆ ಎಂದೆ. ಹೇಳಲಿಲ್ಲ, ಅವನು ಕೇಳಿಸಿಕೊಂಡಿದ್ದ. ಫೋನ್ ವಾಪಸ್ ತೆಗೆದುಕೊಂಡು, ಕಣ್ಣು ಒರೆಸಿಕೊಂಡು, ನನ್ನ ಮುಖ ನೋಡದೆ ಅವನು ಒಂದು ಮಾತು ಹೇಳಿದ.

"ಥ್ಯಾಂಕ್ಸ್" ಎಂದ.

ನಾವು ಈಗಲೂ ಸಿಗುತ್ತೇವೆ. ಅವನು ಬಂದರೆ ನನ್ನ ಹೆಂಡತಿ ಕಾಫಿ ಕೊಡುತ್ತಾಳೆ, ನಾನು ಗೇಟಿನವರೆಗೂ ಕಳಿಸಿಕೊಡುತ್ತೇನೆ. ಆ ಹರಿದ ಕಿವಿಯ ಹೋತ ಅಜ್ಜಿಯ ಕುದುರೆಗಳ ಜೊತೆ ಆರಾಮಾಗಿದೆ. ಅವನು ಅದನ್ನು ನೋಡಲು ಹೋಗುವುದಿಲ್ಲ, ನಾನು ಆಗೊಮ್ಮೆ ಈಗೊಮ್ಮೆ ಹೋಗಿ ಬಂದು ಚೆನ್ನಾಗಿದೆ ಎಂದರೆ ಥ್ಯಾಂಕ್ಸ್ ಎನ್ನುತ್ತಾನೆ. ಕಾಫಿಗೆ ಥ್ಯಾಂಕ್ಸ್, ಫೋನ್ ಮಾಡಿದ್ದಕ್ಕೆ ಥ್ಯಾಂಕ್ಸ್. ಈಗ ಎಲ್ಲದಕ್ಕೂ ನನಗೆ ಥ್ಯಾಂಕ್ಸ್ ಹೇಳುತ್ತಾನೆ.